ದಿನಕ್ಕೊಂದೇ ಗುಂಡು

ನಮ್ಮ ಮಿಸ್ತ್ರಿಯವರು ಯಾವ ಬಂದೂಕನ್ನೂ ಮೊದಲ ದಿನ ಹೊಗಳಿದವರಲ್ಲ, ಯಾವ ಮನುಷ್ಯನನ್ನೂ ಮೊದಲ ದಿನ ನಂಬಿದವರಲ್ಲ. ಪುಣೆಯ ಕ್ಯಾಂಪಿನಲ್ಲಿದ್ದ ಆ ಬಂದೂಕಿನ ಅಂಗಡಿಗೆ ನಾನು ಕಾರಕೂನನಾಗಿ ಸೇರಿದ ಬೆಳಿಗ್ಗೆ ಅವರು ನನ್ನ ನಮಸ್ಕಾರಕ್ಕೆ ತಿರುಗಿ ನಮಸ್ಕಾರ ಹೇಳಲಿಲ್ಲ. ಎರಡೂ ಕಣ್ಣು ತೆರೆದು ಗೋಡೆಯ ಗಡಿಯಾರಕ್ಕೆ ಬೊಟ್ಟು ಮಾಡಿ ನಿಲ್ಲಿರೆಂದರು. ನಿಂತೆ. ಎಡಗಣ್ಣು ಮುಚ್ಚಿರೆಂದರು. ಮುಚ್ಚಿದೆ.

“ಬೊಟ್ಟು ಸರೀತೇನ್ರಿ?”

“ಸರೀತ್ರಿ. ಬಾಗಿಲದ ಕಡೆ ಹೋತು.”

“ಹಂಗಾದ್ರ ನೀವು ಎಡಗಣ್ಣಿನವರು. ಬಲಗೈಲೆ ಬರೀತೀರಿ, ಎಡಗಣ್ಣಿಲೆ ನೋಡ್ತೀರಿ. ಜ್ವಾಕಿಲೆ ಇರ್ರಿ,” ಎಂದು ಹೇಳಿ, ನಾನು ಏನು ಜೋಕೆಯಿಂದಿರಬೇಕು ಎಂದು ಕೇಳುವಷ್ಟರಲ್ಲಿ ಬೀದಿ ದಾಟಿ ಇರಾಣಿಯ ಚಹದಂಗಡಿ ಸೇರಿದ್ದರು. ಲೋಕದ ಜನರನ್ನೆಲ್ಲ ಅವರು ಎಡಗಣ್ಣಿನವರು, ಬಲಗಣ್ಣಿನವರು ಎಂದು ಎರಡೇ ಜಾತಿ ಮಾಡಿಟ್ಟುಕೊಂಡಿದ್ದರು. ಮಾಲೀಕರಾದ ಪಾರಸಿ ಶೇಠಜಿ ಬಲಗಣ್ಣು. ಎದುರಿನ ಔಷಧದಂಗಡಿಯವನು ಎಡಗಣ್ಣು. ಟಾಂಗಾ ಹೊಡೆಯುವ ಮುದುಕನನ್ನು ಕೂಡ ಬಿಟ್ಟಿರಲಿಲ್ಲ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅಂಗಡಿಯಲ್ಲಿ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ, ಸಾಹೇಬರಿಂದ ಹಿಡಿದು ಕಸ ಗುಡಿಸುವವಳ ತನಕ ಎಲ್ಲರಿಗೂ ಅವರು ಮಿಸ್ತ್ರಿ. ಬೆಳಗಾವಿಯ ಕಡೆಯವರು. ಮೊದಲನೆಯ ಮಹಾಯುದ್ಧದಲ್ಲಿ ಪಲ್ಟಣದ ಬಂದೂಕು ರಿಪೇರಿಯವರಾಗಿ ಇರಾಕಿನ ಬಸರೆಗೆ ಹೋಗಿ ಬಂದವರು. ನಾನು ಕಂಡಾಗ ಐವತ್ತು ದಾಟಿದ್ದವು. ಹೆಂಡತಿ ಮಕ್ಕಳಿರಲಿಲ್ಲ. ಒಂದೇ ಕೋಣೆಯಲ್ಲಿ ವರುಷಗಟ್ಟಲೆ ಇದ್ದವರಲ್ಲ. ಕಸಬಾ ಪೇಠೆಯಿಂದ ರವಿವಾರ ಪೇಠೆಗೆ, ಅಲ್ಲಿಂದ ನಾನಾ ಪೇಠೆಗೆ ಟ್ರಂಕು ಹೊತ್ತು ಹೋಗುತ್ತಲೇ ಇದ್ದರು. ಯಾಕ್ರಿ ಎಂದು ಕೇಳಿದರೆ, “ಆ ಮನ್ಯಾಗ ಗ್ವಾಡಿ ಭಾಳ ಹತ್ತರ ಬರ್ತಾವ,” ಎನ್ನುತ್ತಿದ್ದರು. ಖಾನಾವಳಿಯನ್ನೂ ಹಾಗೆಯೇ ಬದಲಿಸುತ್ತಿದ್ದರು. ಚಹ ಕುಡಿಯುವಾಗ ಬಸಿ ಕೈಯಲ್ಲಿ ಹಿಡಿದು ಅಂಗಡಿಯ ಉದ್ದಕ್ಕೂ ಅಡ್ಡಾಡುವರು. ನಾನು ಒಂದು ಮಾತು ಶುರು ಮಾಡಿದರೆ ಅರ್ಧಕ್ಕೇ ಅದರ ಉಳಿದರ್ಧವನ್ನು ತಾವೇ ಹೇಳಿ ಮುಗಿಸಿ ಮುಂದೆ ಹೋಗುವರು. “ಏನ್ರಿ ಕಾರಕೂನರ, ಕೂತು ಕೂತು ಬೇರ ಬಿಟ್ಟೀರೇನು?” ಎಂದು ದಿನಕ್ಕೆ ಎರಡು ಸಲವಾದರೂ ನನ್ನನ್ನು ಕೆಣಕದೆ ಬಿಡುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಮೊದಲ ಆರು ತಿಂಗಳು ಅವರನ್ನು ಕಂಡರೆ ನನಗಾಗುತ್ತಿರಲಿಲ್ಲ.

ಸ್ವರಾಜ್ಯ ಬರುವುದಕ್ಕೆ ಹಿಂದಿನ ಚಳಿಗಾಲ ಅದು. ಕ್ಯಾಂಪಿನ ಬಂಗಲೆಗಳ ಮುಂದೆ ಮೇಜು, ಕುರ್ಚಿ, ಪಿಯಾನೋ ಎಲ್ಲ ಹೊರಗೆ ಬಂದು ನಿಂತಿರುತ್ತಿದ್ದವು. ಗೋರಾ ಸಾಹೇಬರು ಹಡಗು ಹತ್ತುವ ಅವಸರದಲ್ಲಿದ್ದರು, ತಮ್ಮ ಶಿಕಾರಿ ಬಂದೂಕುಗಳನ್ನು ನಮ್ಮ ಅಂಗಡಿಗೆ ತಂದು ಹಾಕುತ್ತಿದ್ದರು. ಸಾಹೇಬರೆಲ್ಲ ಹೋದ ಮೇಲೆ ಈ ಅಂಗಡಿಗೆ ಯಾರು ಬರುತ್ತಾರೆ, ನಮ್ಮ ಗತಿ ಏನು ಎಂಬ ಚಿಂತೆ ನಮ್ಮೆಲ್ಲರನ್ನೂ ಹಿಡಿದಿತ್ತು. ಯಾರ ಮನಸ್ಸೂ ಒಂದು ಕಡೆ ನಿಲ್ಲುತ್ತಿರಲಿಲ್ಲ. ನಾನು ದಿನಾಲು ಪತ್ರಿಕೆ ಓದಿ ಧಾರವಾಡದಲ್ಲಿದ್ದ ಹೆಂಡತಿಗೆ ಕಾಗದ ಬರೆಯುವುದು, ಬರೆದದ್ದನ್ನು ಹರಿಯುವುದು ನಡೆದಿತ್ತು.

ಆಗಲೇ ಆ ಹಗುರ ಬಂದೂಕು ಬಂದದ್ದು. ಆರೂವರೆ ರತ್ತಲಿಗಿಂತ ಹೆಚ್ಚು ತೂಗುತ್ತಿರಲಿಲ್ಲ. ನಳಿಗೆ ಕಬ್ಬಿನ ತುದಿಯಷ್ಟು ತೆಳ್ಳಗೆ. ಹಿಡಿಕೆ ಆಕ್ರೋಟ ಕಟ್ಟಿಗೆಯದು, ಸಾಹೇಬನ ಗಲ್ಲ ತಾಗಿ ತಾಗಿ ಒಂದು ಕಡೆ ಮಾತ್ರ ಬಣ್ಣ ಹೋಗಿ ನುಣುಪಾಗಿತ್ತು. ನಾನು ಎತ್ತಿ ನೋಡಿ ಮರುಳಾದೆ. ಅಲ್ಲಿಯವರೆಗೆ ಬಂದೂಕೆಂದರೆ ಒನಕೆ ಹೊತ್ತ ಹಾಗೆ ಎಂದುಕೊಂಡಿದ್ದ ನನಗೆ ಇದು ಕೊಡೆಯಷ್ಟು ಸಲೀಸಾಗಿ ಭುಜಕ್ಕೆ ಬಂದು ಕೂತಿತು.

“ಎಷ್ಟು ಛಲೋ ಅದ ಅಲ್ರಿ!” ಎಂದೆ.

“ಮಾರಿ ಛಲೋ ಅದ,” ಎಂದರು ಮಿಸ್ತ್ರಿಯವರು, ಗುಂಡು ತುಂಬುವ ಕಡೆ ಮೂಗಿಟ್ಟು ಮೂಸಿ. “ಗುಣ ನಾಳೆ ನೋಡೋಣು.”

ಮರುದಿನ ಬೆಳಿಗ್ಗೆ ಟಾಂಗಾದಲ್ಲಿ ಚಾಂದಮಾರಿಗೆ ಹೋದೆವು. ಕ್ಯಾಂಪಿನಾಚೆ ಗುಡ್ಡದ ಬುಡದಲ್ಲಿ ಸಿಪಾಯಿಗಳು ಗುರಿ ಹೊಡೆಯುವ ಬಯಲದು. ಮಿಸ್ತ್ರಿಯವರ ಹಳೆಯ ಪರಿಚಯದಿಂದ ಬೆಳಗಿನ ಒಂದು ತಾಸು ನಮಗೆ ಬಿಡುತ್ತಿದ್ದರು. ನೂರು ಗಜದಾಚೆ ಮಣ್ಣಿನ ದಿಬ್ಬಕ್ಕೆ ಗುರಿಯ ಹಾಳೆ ಅಂಟಿಸಿ ಬರುವುದು, ವಹಿಯಲ್ಲಿ ದಿನ, ಗಾಳಿ, ತೂತಿನ ಜಾಗ ಬರೆಯುವುದು ನನ್ನ ಕೆಲಸ.

ಮೊದಲ ಗುಂಡಿಗೆ ನಾನು ಬೆಚ್ಚಿಬಿದ್ದೆ. ಅಷ್ಟು ಸಣ್ಣ ದೇಹದಿಂದ ಅಂಥ ಸಿಡಿಲಿನ ಸದ್ದು. ಗೋಣಿಚೀಲದ ಮೇಲೆ ಮೊಣಕೈಯೂರಿದ್ದ ಮಿಸ್ತ್ರಿಯವರು ಒಂದು ಗೇಣು ಹಿಂದೆ ಸರಿದದ್ದನ್ನು ಕಣ್ಣಾರೆ ಕಂಡೆ. ಬೆನ್ನುಬೆನ್ನಿಗೆ ಇನ್ನೆರಡು ಹೊಡೆದರು. ಹಾಳೆ ಕಿತ್ತು ತಂದು ನೋಡಿದರೆ ಮೊದಲನೆಯದು ನಟ್ಟನಡುವೆ, ಎರಡನೆಯದು ಎರಡು ಬೆರಳು ಮೇಲೆ, ಮೂರನೆಯದು ನಾಲ್ಕು ಬೆರಳು ಮೇಲೆ ಬಲಕ್ಕೆ. ನನ್ನ ಮುಖ ಬಾಡಿತು.

“ಕೆಟ್ಟದ ಏನ್ರಿ?”

“ಕೆಟ್ಟಿಲ್ಲ. ತೆಳ್ಳನ ನಳಿಗಿ, ಬಿಸಿ ಆದ ಕೂಡಲೆ ಹಾದಿ ಬಿಡ್ತದ. ಶಿಕಾರ್‍ಯಾಗ ಮೂರನೇ ಗುಂಡು ಯಾಂವ ಕೇಳ್ತಾನ? ತಣ್ಣನ ನಳಿಗಿದು ಮೊದಲನೇದು ಎಲ್ಲಿ ಹೋಗ್ತದ, ಅದೊಂದ ನೋಡೂದು.” ಭುಜ ತಿಕ್ಕಿಕೊಳ್ಳುತ್ತ ಆಗಲೇ ಟಾಂಗಾದ ಕಡೆ ಹೊರಟಿದ್ದರು. “ಹೊಸ ಹಾಳಿ ತರ್ರಿ. ನಾಳಿಂದ ದಿನಕ್ಕೊಂದ ಗುಂಡು. ಹತ್ತು ದಿನ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದು ಪುಟಾಣಿ ಗುಂಡಿಗಾಗಿ ಚಳಿಯಲ್ಲಿ ಎದ್ದು, ಟಾಂಗಾ ಹೂಡಿಸಿ, ಅದೇ ಹಾಳೆಯನ್ನು ಮತ್ತೆ ಅದೇ ಜಾಗಕ್ಕೆ ಅಂಟಿಸಿ, ಒಂದು ಹೊಡೆದು, ತೂತಿಗೆ ಪೆನ್ಸಿಲಿನಿಂದ ಅಂಕಿ ಹಾಕಿ ತಿರುಗಿ ಬರುವುದು. ಒಂದು ನಿಮಿಷ ಸುಮ್ಮನಿರಲಾರದ ಮನುಷ್ಯ ಈ ಒಂದು ವಿಷಯದಲ್ಲಿ ಮಾತ್ರ ಹೀಗೆ ಹಟ ಹಿಡಿದಿದ್ದರು. ಬೇರೆ ಬಂದೂಕುಗಳದ್ದೂ ಇದೇ ಕ್ರಮವಂತೆ. ಹತ್ತು ಆದ ಮೇಲೆ ಹನ್ನೊಂದನೆಯದನ್ನು ಕೊಳ್ಳುವವರ ಕೈಯಿಂದಲೇ ಹೊಡೆಸಿ, ಆಮೇಲೆ ಹಾಳೆಯ ಕೆಳಗೆ ತಮ್ಮ ಸಹಿ ಹಾಕುವರು. ಮಿಸ್ತ್ರಿಯ ಸಹಿ ಇದೆಯೆಂದರೆ ಮುಂಬಯಿ ಇಲಾಖೆಯ ಯಾವ ಶಿಕಾರಿಯೂ ಮತ್ತೊಂದು ಮಾತು ಕೇಳುತ್ತಿರಲಿಲ್ಲ. ಶೇಠಜಿಗೆ ಆ ಸಹಿ ಬೇಕು, ಹತ್ತು ದಿನ ಬೇಡ. ಇದು ಬಂದೂಕಿನ ಪರೀಕ್ಷೆಯೋ ಯಾವುದಾದರೂ ವ್ರತವೋ ಎಂದು ಮರಾಠಿಯಲ್ಲಿ ಕೂಗಾಡುತ್ತಿದ್ದರು.

ನಾಲ್ಕನೆಯ ದಿನ ದೇಸಾಯರು ಬಂದರು. ಖಾನಾಪುರದಾಚೆಯ ಅಡವಿಯಂಚಿನ ಹಳ್ಳಿಯ ದೊಡ್ಡ ಮನೆತನದವರು. ಊರಲ್ಲಿ ಒಂದು ಚಿರತೆ ಕೊಟ್ಟಿಗೆಗೇ ನುಗ್ಗಿ ಕರುಗಳನ್ನು ಎಳೆಯುತ್ತಿತ್ತು, ಒಬ್ಬ ಹೆಂಗಸಿನ ಮೇಲೂ ಬಿದ್ದಿತ್ತು. ಹಿಂದೆ ಕಾಡುಹಂದಿಯೊಂದು ನೆಲಕ್ಕೆ ಕೆಡವಿ ದೇಸಾಯರ ಬಲಭುಜ ಮುರಿದು ಕೂಡಿತ್ತಂತೆ, ಭಾರದ ಬಂದೂಕು ಈಗ ಎತ್ತಲಾಗದು, ಅದಕ್ಕೇ ಈ ಹಗುರದ್ದು. ಮಿಸ್ತ್ರಿಯವರು ಅವರನ್ನು ಮೇಲಿಂದ ಕೆಳಗೆ ನೋಡಿ, “ಭುಜ ಹೆಂಗದ್ರಿ ಈಗ?” ಎಂದರು. “ಛಲೋ ಅದ, ಏನೂ ಆಗಿಲ್ಲ,” ಎಂದರು ದೇಸಾಯರು, ಸ್ವಲ್ಪ ಸಿಟ್ಟಿನಿಂದಲೇ.

ಆಮೇಲೆ ದಿನಾಲು ಮಧ್ಯಾಹ್ನ ಊಟ ಮುಗಿಸಿ ಅಂಗಡಿಗೆ ಬಂದು ಕೂಡುವರು. “ಇಂದಿಂದು ಎಲ್ಲಿ ಹೋತ್ರಿ?” ಎಂದು ನನ್ನನ್ನು ಕೇಳುವರು. ನಾನು ಹಾಳೆ ತೋರಿಸುವೆ. ಎಂಟು ದಿನದ ಎಂಟು ತೂತುಗಳೂ ಒಂದು ಅಂಗೈಯೊಳಗೆ ಮುಚ್ಚುವಷ್ಟು ಹತ್ತಿರ ಬಿದ್ದಿದ್ದವು. ನನ್ನದೇ ಮಗು ಪರೀಕ್ಷೆಯಲ್ಲಿ ಪಾಸಾದಷ್ಟು ನನಗೆ ಸಂತೋಷ.

ಒಂಬತ್ತನೆಯ ದಿನ ಮಿಸ್ತ್ರಿಯವರು ಬರಲಿಲ್ಲ. ಚಳಿಜ್ವರ. ಹತ್ತನೆಯ ದಿನವೂ ಬರಲಿಲ್ಲ. ಎರಡೂ ದಿನ ದೇಸಾಯರು ಕೇಳಿದಾಗ ಶೇಠಜಿಯೇ ಮುಂದೆ ಬಂದು, ಹಾಳೆ ಪೂರ್ತಿಯಾದ ಮೇಲೆ ತೋರಿಸುತ್ತೇವೆ ಎಂದು ಮಾತು ಹಾರಿಸಿದ್ದರು. ಅದೇ ದಿನ ದೇಸಾಯರಿಗೆ ಊರಿಂದ ಕಾಗದ: ಇನ್ನೊಂದು ಕರು ಹೋಯಿತು, ಜನ ಹೊಲಕ್ಕೆ ಹೋಗಲು ಹೆದರುತ್ತಾರೆ, ಇದ್ದಲ್ಲಿಂದ ಹೊರಟು ಬನ್ನಿ. ನಾಳೆ ಸಂಜೆಯ ಗಾಡಿಗೆ ಹೋಗುತ್ತೇನೆ, ಬಂದೂಕು ಕೊಡುತ್ತೀರೋ ಇಲ್ಲವೋ ಎಂದು ಕೇಳಿ ದೇಸಾಯರು ಖಾನಾವಳಿಗೆ ಹೋದರು. ಶೇಠಜಿ ನನ್ನ ಮೇಜಿನ ಹತ್ತಿರ ಬಂದು, ಹಾಳೆ ಇಂದೇ ಪೂರ್ತಿಯಾಗಬೇಕು, ಸಹಿ ತಂದುಬಿಡು ಎಂದು ಹೇಳಿ ಒಳಗೆ ಹೋದರು. ಹೇಗೆ ಪೂರ್ತಿಯಾಗಬೇಕು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಾನು ಮೊದಲು ಇದ್ದದ್ದು ಒಂದು ಸರಕಾರಿ ಕಚೇರಿಯಲ್ಲಿ. ಅಲ್ಲಿ ತಪ್ಪು ಬರೆದರೆ ತಿದ್ದಿ ಮುಂದೆ ಹೋಗುತ್ತಿತ್ತು, ನಮೂನೆಯ ಒಂದು ಮನೆ ಖಾಲಿ ಬಿಟ್ಟರೆ ಮಾತ್ರ ಕೆಂಪು ಮಸಿಯ ಗೆರೆ ಎಳೆಸಿಕೊಂಡು ಮೇಜಿಗೆ ಮರಳಿ ಬರುತ್ತಿತ್ತು. ಖಾಲಿ ಮನೆ ಕಂಡರೆ ಕೈ ತುರಿಸುವ ರೋಗ ನನಗೆ ಅಲ್ಲಿ ಅಂಟಿದ್ದು. ವಹಿಯಲ್ಲಿ ಒಂಬತ್ತು, ಹತ್ತು ಎಂಬ ಎರಡು ಖಾಲಿ ಮನೆಗಳು. ಎಂಟು ಇಷ್ಟು ಚೆನ್ನಾಗಿ ಬಿದ್ದ ಮೇಲೆ ಇನ್ನೆರಡು ಎಲ್ಲಿ ಹೋಗುತ್ತಿದ್ದವು? ಅಲ್ಲಿಯೇ ಬೀಳುತ್ತಿದ್ದವು. ಪೆನ್ಸಿಲನ್ನು ಚೂಪು ಮಾಡಿ, ಹಾಳೆಯ ನಡುಭಾಗದಲ್ಲಿ ಎರಡು ತೂತು ಚುಚ್ಚಿ, ತಿರುವಿ ದುಂಡಗೆ ಮಾಡಿ, ಅಂಕಿ ಹಾಕಿದೆ. ಗಾಳಿ ಎಂಬ ಮನೆಯಲ್ಲಿ ‘ಇಲ್ಲ’ ಎಂದು ಬರೆದೆ. ಅಕ್ಷರ ಕೂಡ ಚೆಂದ ಬಂದಿತ್ತು. ದೇಸಾಯರನ್ನು ಕರೆಸಿ ಶೇಠಜಿ ಹಾಳೆ ತೋರಿಸಿಯೂ ಬಿಟ್ಟರು. ಹತ್ತಕ್ಕೆ ಹತ್ತು ನೋಡಿ ದೇಸಾಯರು ಆ ವಾರದಲ್ಲಿ ಮೊದಲ ಸಲ ನಕ್ಕರು.

ಸಹಿಗೆಂದು ಹಾಳೆ ಹಿಡಿದು ಮಿಸ್ತ್ರಿಯವರ ಕೋಣೆಗೆ ಹೋದೆ. ಕಂಬಳಿ ಹೊದ್ದು ಮಲಗಿದ್ದವರು ಎದ್ದು ಕೂತು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದೊಂದೇ ತೂತಿನ ಅಂಚಿಗೆ ಉಗುರು ತಾಗಿಸಿ ನೋಡುತ್ತ ಬಂದರು.

“ಇವೆರಡು ಯಾವ ಬಂದೂಕಿನವು?”

ನಾನು ಹಾಳೆಯತ್ತ ಬಾಗಿದೆ.

“ನೋಡ್ರಿಲ್ಲೆ. ಗುಂಡು ಹೋದ ತೂತಿಗೆ ಕರೀ ಅಂಚು ಇರ್ತದ. ನಳಿಗ್ಯಾಗಿನ ಹೊಲಸೆಲ್ಲ ಹೊತ್ತು ತಂದು ಕಾಗದಕ್ಕ ಮಾರಿ ಒರಸಿ ಹೋಗ್ತದ ಅದು. ಎಂಟಕ್ಕದ. ಇವೆರಡಕ್ಕಿಲ್ಲ.”

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಎದ್ದು ಆ ಸಣ್ಣ ಕೋಣೆಯಲ್ಲಿ ಕಂಬಳಿ ಎಳೆದುಕೊಂಡೇ ಅತ್ತಿಂದಿತ್ತ ಅಡ್ಡಾಡಿದರು. ನಾಲ್ಕು ಹೆಜ್ಜೆಗೆ ಗೋಡೆ ಬರುತ್ತಿತ್ತು, ತಿರುಗುತ್ತಿದ್ದರು.

“ಎಂಟು ಆಗ್ಯಾವ ಅಂದ್ರ ಎಂಟಂತ ಬರೀಬೇಕಿತ್ತು. ಎಂಟಕ್ಕ ಸಹಿ ಮಾಡ್ತಿದ್ದಿಲ್ಲೇನು ನಾ?” ಎಂದರು ಕೊನೆಗೆ. ಆಮೇಲೆ, “ನಾಳೆ ಮುಂಜಾನೆ ದೇಸಾಯರನ್ನ ಕರಕೊಂಡು ಚಾಂದಮಾರಿಗೆ ಬರ್ರಿ. ಬಂದೂಕೂ ತರ್ರಿ. ಶೇಠಗ ನಾ ಹೇಳ್ತೀನಿ,” ಎಂದು ಬಾಗಿಲು ತೋರಿಸಿದರು.

ಮರುದಿನ ಅವರು ಕಿವಿಗೆ ಮಫ್ಲರು ಸುತ್ತಿಕೊಂಡು ನಮಗಿಂತ ಮೊದಲೇ ಬಂದು ನಿಂತಿದ್ದರು. ಕಣ್ಣು ಕೆಂಡದ ಹಾಗಿದ್ದವು. ದೇಸಾಯರಿಗೆ ಒಂದೇ ಗುಂಡು ಕೊಟ್ಟು ಹೊಡೆಯಿರೆಂದರು. ದೇಸಾಯರು ಬಂದೂಕು ಎತ್ತಿದ ರೀತಿಯೇ ಹೇಳುತ್ತಿತ್ತು, ಹಳೆಯ ಶಿಕಾರಿಯ ಕೈ. ಆದರೆ ಬೆರಳು ಸೆಳೆಯುವ ಕ್ಷಣಕ್ಕೆ ಆ ಬಲಭುಜ ಒದೆತವನ್ನು ನೆನೆದೋ ಏನೋ ತಾನಾಗಿ ಹಿಂದೆ ಸರಿಯಿತು. ಸದ್ದಾಯಿತು. ಹೋಗಿ ನೋಡಿದೆ. ಹಾಳೆಯಲ್ಲಿ ಏನೂ ಇರಲಿಲ್ಲ. ಹಾಳೆಯಿಂದ ಒಂದು ಮೊಳ ಎಡಕ್ಕೆ ದಿಬ್ಬದಲ್ಲಿ ಮಣ್ಣು ಹಾರಿತ್ತು.

“ಇನ್ನೊಂದು ಹೊಡೀಲೇನ್ರಿ?” ಎಂದರು ದೇಸಾಯರು.

“ಹೊಡೀರಿ. ಆದರ ಆ ಚಿರತಿ ನಿಮಗ ಇನ್ನೊಂದಕ್ಕ ಬಿಡ್ತದೇನು?”

ದೇಸಾಯರ ಮುಖ ಕೆಂಪಾಯಿತು. “ಬಂದೂಕಿನ್ಯಾಗ ಏನರ ಇರಬೇಕ್ರಿ. ಹಾಳ್ಯಾಗ ಹತ್ತಕ್ಕ ಹತ್ತು ಬಿದ್ದಾವಂತ ನಿನ್ನೆ ತೋರಿಸಿದ್ರಲ್ಲ!”

ಯಾರ ಮಾತಿನ ಉಳಿದರ್ಧವನ್ನೂ ತಾವೇ ಹೇಳಿ ಮುಗಿಸುವ ಮಿಸ್ತ್ರಿಯವರು ಅಂದು ಸುಮ್ಮನೆ ನಿಂತು ನನ್ನ ಕಡೆ ನೋಡಿದರು. ನನ್ನ ಕೆಲಸ, ಧಾರವಾಡದ ಬಾಡಿಗೆಮನೆ, ಶೇಠಜಿಯ ಮುಖ ಎಲ್ಲ ಕಣ್ಣ ಮುಂದೆ ಬಂದು ಹೋದವು.

“ಎಂಟು ಗುಂಡಿನವು, ದೇಸಾಯರ,” ಎಂದೆ. “ಎರಡು ನಾ ಪೆನ್ಸಿಲ್‌ಲೆ ಚುಚ್ಚಿದ್ದು.”

ದೇಸಾಯರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಂದೂಕನ್ನು ಗೋಣಿಚೀಲದ ಮೇಲೆ ಮೆಲ್ಲಗೆ ಇಟ್ಟರು. “ನನ್ನ ತಮ್ಮ ಬ್ಯಾಟರಿ ಹಿಡಕೊಂಡು ನನ್ನ ಮುಂದ ನಿಂದರಾಂವ ಇದ್ದ,” ಎಂದರು. “ಹತ್ತಕ್ಕ ಹತ್ತು ಅಂತ ನಿನ್ನೆ ಅವಗ ತಾರ್ ಮಾಡೀನಿ.”

ನನ್ನ ಎರಡು ತೂತುಗಳು ಬಂದೂಕಿನ ಬಗ್ಗೆ ಸುಳ್ಳಾಗಿರಲಿಲ್ಲ, ಬಂದೂಕು ಚೆನ್ನಾಗಿಯೇ ಇತ್ತು. ಹಾಳೆ ಪೂರ್ತಿಯಾಯಿತೆಂದು ತೋರಿಸಿ ಅವು ದೇಸಾಯರ ಕೈಯಿಂದ ಹೊಡೆಸಬೇಕಾದ ಹನ್ನೊಂದನೆಯ ಗುಂಡನ್ನು ತಪ್ಪಿಸುತ್ತಿದ್ದವು. ಆ ಹಾಳೆಯೊಂದಿಗೆ ದೇಸಾಯರು ಗಾಡಿ ಹತ್ತಿದ್ದರೆ ಅವರ ಭುಜದ ಸಂಗತಿ ಗೊತ್ತಾಗುತ್ತಿದ್ದದ್ದು ಚಿರತೆಯ ಎದುರಿಗೆ. ಅಣ್ಣತಮ್ಮಂದಿರಿಬ್ಬರನ್ನೂ ನಾನೇ ಒಯ್ದು ಅಲ್ಲಿ ನಿಲ್ಲಿಸುತ್ತಿದ್ದೆ.

“ಬಂದೂಕು ಛಲೋ ಅದ. ನಿಮ್ಮ ಭುಜಕ್ಕಲ್ಲ,” ಎಂದರು ಮಿಸ್ತ್ರಿಯವರು ದೇಸಾಯರಿಗೆ. “ಹಗುರಿದ್ದದ್ದು ಜಾಸ್ತಿ ಒದೀತದ್ರಿ, ಅದು ನಿಮಗ ಯಾರೂ ಹೇಳಿಲ್ಲ. ನಾ ಬರ್ತೀನಿ ನಿಮ್ಮ ಜೋಡಿ. ಬಂದೂಕು ನಿಮ್ಮದು, ಆ ಒಂದು ಗುಂಡು ನಂದು.”

ಶೇಠಜಿ ರಜೆ ಕೊಡಲಿಲ್ಲ. ಹೋದರೆ ತಿರುಗಿ ಬರಬೇಡ ಎಂದರು. ಮಿಸ್ತ್ರಿಯವರು ಹೂಂ ಎಂದು ಹೇಳಿ ಟ್ರಂಕು ತರಲು ಹೋದರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಖಾಲಿ ಮನೆ ತುಂಬಿಕೊಡುವ ಕಾರಕೂನ ಅವರಿಗೆ ಬೇಕಾಗಿದ್ದನೆಂದು ಈಗ ಗೊತ್ತಾಗುತ್ತದೆ, ಆಗ ದೊಡ್ಡ ಉಪಕಾರವೆಂದು ತಿಳಿದಿದ್ದೆ.

ಸಂಜೆ ಸ್ಟೇಶನ್ನಿಗೆ ಹೋದೆ. ದೇಸಾಯರು ಡಬ್ಬಿಯೊಳಗೆ ಕೂತಿದ್ದರು, ಮಿಸ್ತ್ರಿಯವರು ಎಂದಿನಂತೆ ಪ್ಲಾಟ್‌ಫಾರ್ಮಿನ ಮೇಲೆ ಅಡ್ಡಾಡುತ್ತಿದ್ದರು. ಅವರ ಬೆನ್ನು ಹತ್ತಿ ನಾನೂ ನಡೆದೆ.

“ಭಾಳ ಸಿಟ್ಟು ಬಂದಿರಬೇಕ್ರಿ ನಿಮಗ,” ಎಂದೆ.

“ಬಂದದ. ಇನ್ನೂ ಇಳಿದಿಲ್ಲ.” ನಾಲ್ಕು ಹೆಜ್ಜೆ ಹೋಗಿ ತಿರುಗಿದರು. “ಆದರ ನೀವು ಹೇಳಿದ್ರಿ. ನಾ ಹೇಳ್ಲಿಲ್ಲ.”

“ಏನ್ರಿ?”

“ಬಸರಾದಾಗ ನೂರು ಬಂದೂಕು ಪರೀಕ್ಷಾ ಮಾಡೂದಿತ್ತು. ಎಂಬತ್ತು ಮಾಡಿ ನೂರಕ್ಕ ಸಹಿ ಹಾಕಿದೆ. ಉಳಿದ ಇಪ್ಪತ್ತರೊಳಗಿನ ಒಂದು ಒಬ್ಬ ಸಿಪಾಯಿ ಮಾರಿ ಮ್ಯಾಲೆ ಒಡೀತು. ಸಾವಂತವಾಡಿ ಕಡೆಯಾಂವ. ದುಶ್ಮನ್ ಗುಂಡಿಗೆ ಸತ್ತಾ ಅಂತ ಮನಿಗೆ ಕಾಗದ ಹೋತು. ಅವನ ಹೆಂಡ್ತಿ ಇನ್ನೂ ಅದಾಳಂತ.” ಸೀಟಿ ಊದಿತು. ಡಬ್ಬಿಯ ಹಿಡಿಕೆ ಹಿಡಿದು ಮೇಲೆ ಹತ್ತಿದರು. “ಮೂವತ್ತು ವರ್ಷ ಆತ್ರಿ ಕಾರಕೂನರ,” ಎಂದರು. ನಾನು ಏನಾದರೂ ಅನ್ನುವಷ್ಟರಲ್ಲಿ ಗಾಡಿ ಹೊರಟಿತು.

ಎರಡು ವಾರಕ್ಕೆ ದೇಸಾಯರ ಕಾಗದ ಬಂತು. ಮರದ ಅಟ್ಟಣೆಯ ಮೇಲೆ ಮೂರು ದಿನ ಜ್ವರದಲ್ಲೇ ಕೂತು ಮಿಸ್ತ್ರಿಯವರು ಒಂದೇ ಗುಂಡಿಗೆ ಚಿರತೆಯನ್ನು ಕೆಡವಿದರು. ಊರವರು ಮೆರವಣಿಗೆ ಮಾಡುತ್ತೇವೆಂದರೂ ನಿಲ್ಲಲಿಲ್ಲ. ಸಾವಂತವಾಡಿಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು. ಮೈ ಸರಿಯಿರಲಿಲ್ಲವೆಂದು ದೇಸಾಯರು ಜೊತೆಗೆ ಒಬ್ಬ ಆಳನ್ನು ಕೊಟ್ಟು ಕಳಿಸಿದ್ದರು. ಮಿಸ್ತ್ರಿ ಪುಣೆ ಮುಟ್ಟಿದರೇ ಎಂದು ಕಾಗದದ ಕೊನೆಗೆ ಕೇಳಿದ್ದರು.

ಮುಟ್ಟಿರಲಿಲ್ಲ. ಆಮೇಲೂ ಬರಲಿಲ್ಲ. ಅಲ್ಲಿ ಏನಾಯಿತೆಂದು ಆಳನ್ನು ಕೇಳಿ ತಿಳಿಸಿರೆಂದು ನಾನು ಮರುಟಪಾಲಿಗೇ ಬರೆದೆ. ದೇಸಾಯರು ಬರೆದದ್ದು ಇಷ್ಟು: ಘಟ್ಟದ ಕೆಳಗೆ ಒಂದು ಸಣ್ಣ ಹಳ್ಳಿ. ಮನೆ ಕೇಳಿಕೊಂಡು ಹೋದರು. ವಯಸ್ಸಾದ ಹೆಂಗಸು ಹೊರಗೆ ಬಂದಳು. ಗಂಡನ ಪಲ್ಟಣದವರು ಎಂದ ಕೂಡಲೇ ಆಕೆ ಒಳಗೆ ಹೋಗಿ ಚೆಂಬಿನಲ್ಲಿ ನೀರು, ವಾಟಿಯಲ್ಲಿ ಬೆಲ್ಲ ತಂದು ಮುಂದಿಟ್ಟು, ಬಿಸಿಲಲ್ಲಿ ಬಂದಿದ್ದೀರಿ, ಮೊದಲು ತಗೊಳ್ಳಿ ಎಂದಳು. ಮಿಸ್ತ್ರಿಯವರು ಕೈ ಅಡ್ಡ ಹಿಡಿದು, ಬಾಯೀ, ಮೊದಲು ಕೇಳಿರಿ, ಆಮೇಲೂ ಕೊಡಬೇಕೆನಿಸಿದರೆ ಕೊಡಿರಿ ಎಂದು ಅಂಗಳದಲ್ಲಿ ಕೂತರು. ಆಳಿಗೆ ಅಲ್ಲಿ ನಿಲ್ಲುವುದು ಸರಿ ಕಾಣಲಿಲ್ಲ, ಅವನು ಬೇಲಿಯಾಚೆ ಹೋಗಿ ನಿಂತ. ತಿರುಗಿ ನೋಡಿದಾಗ ಮಿಸ್ತ್ರಿಯವರು ಇನ್ನೂ ಹೇಳುತ್ತಿದ್ದರು. ಆ ಹೆಂಗಸು ಎರಡೂ ಕೈಯಲ್ಲಿ ಚೆಂಬು ಹಿಡಿದುಕೊಂಡು ಕೇಳುತ್ತಿದ್ದಳು.